ಕಾಗೆಗೆ ಅನ್ನ ಇಡುವುದು ಯಾರಿಗೆ?

ಕಾಗೆಗೇ. ಉತ್ತರ ಇಷ್ಟೇ. ಇಷ್ಟಕ್ಕೆ ನಿಮಗೆ ಸಮಾಧಾನ ಆಗುವುದಿಲ್ಲ ಅಂತ ಗೊತ್ತು. ಅದಕ್ಕೇ ಬರೆದಿಡುತ್ತಿದ್ದೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸಿದರಾಯ್ತು.

ಮಂಗಳೂರಿನ ಉರ್ವದ ನಮ್ಮ ಮನೆಯ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿದೆ. ಬೆಳಿಗ್ಗೆ ಅದರ ಮೇಲೆ ಒಂದು ಹಿಡಿ ಕುಚ್ಚಲಕ್ಕಿ ಅನ್ನ ಇಡುತ್ತೇನೆ. ಮೀನು ತಂದ ದಿನ ಬೂತಾಯಿ ತಲೆ. ಒಂದು ಕಾಗೆ ಸಂಸಾರ ಬಂದು ತಿಂದು ಹೋಗುತ್ತದೆ. ಇದನ್ನು ನೋಡಿದವರೆಲ್ಲ ಯಾಕೋ ದನಿ ತಗ್ಗಿಸುತ್ತಾರೆ. "ಯಾರಿಗೆ ಅಂತ ಇಡುವುದು?" ಕೆಲವರು ನೇರ ಶನಿಗೇ ಹೋಗುತ್ತಾರೆ. "ಸಾಡೇಸಾತಿಯಾ? ನಿಮ್ಮ ರಾಶಿ ಯಾವುದು?" ಬೂತಾಯಿ ತಲೆ ಇಟ್ಟು ಶನಿಶಾಂತಿ ಮಾಡುವವರನ್ನು ನೀವು ಎಲ್ಲಾದರೂ ನೋಡಿದ್ದೀರಾ ಮಾರಾಯ್ರೆ?

ಎಪ್ರಿಲ್‌ನಲ್ಲಿ ದೂರದ ನೆಂಟರೊಬ್ಬರು ಮದುವೆಗೆ ಹೇಳಲಿಕ್ಕೆ ಬಂದಿದ್ದರು. ಸೀದಾ ಹಿತ್ತಿಲಿಗೇ ಬಂದರು. ಕಲ್ಲು ನೋಡಿದರು, ಅನ್ನ ನೋಡಿದರು, ಮುಖ ಸಣ್ಣ ಮಾಡಿಕೊಂಡರು. "ಅತ್ತೆ ಹೋದದ್ದು ನಮಗೆ ಗೊತ್ತೇ ಆಗ್ಲಿಲ್ಲ ಮಾರಾಯ್ತಿ."

ಅತ್ತೆ ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ಅಲಸಂಡೆ ಮುರಿಯುತ್ತಿದ್ದರು. "ನಾನು ಎಲ್ಲಿಗೂ ಹೋಗ್ಲಿಲ್ಲ. ಒಳಗೆ ಬನ್ನಿ, ಚಾ ಕುಡಿಯುವ" ಎಂದರು.

ಆ ಮದುವೆಗೆ ಎಲ್ಲರಿಗಿಂತ ಮೊದಲು ಹೊರಟವರು ಅತ್ತೆ. ಸಿಕ್ಕಸಿಕ್ಕವರಿಗೆಲ್ಲ ಈ ಕಥೆ ಹೇಳಿ ಬಂದರು. ಈಗ ನನ್ನ ಕಾಗೆಗಳ ಜೊತೆ ಅತ್ತೆಯ ಆರೋಗ್ಯವನ್ನೂ ವಿಚಾರಿಸುತ್ತಾರೆ.

ಮಹಾಲಯ ಅಮಾವಾಸ್ಯೆಗೆ ನಾವೂ ಎಲೆ ಇಡುತ್ತೇವೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ವರ್ಷವಿಡೀ ಹುಶ್ ಎಂದು ಓಡಿಸಿದವರು ಆ ದಿನ ಟೆರೇಸಿನಲ್ಲಿ ನಿಂತು "ಕಾ ಕಾ" ಎಂದರೆ ಕಾಗೆ ಯಾಕೆ ಬರಬೇಕು? ಸತ್ಯ ಹೇಳಬೇಕೆಂದರೆ ಆ ದಿನ ನಮ್ಮವೂ ನಮ್ಮಲ್ಲಿಗೆ ಬರುವುದಿಲ್ಲ. ಯಾರ ಮನೆಯ ಎಲೆಯಲ್ಲಿ ವಡೆ ಇದೆಯೋ ಅಲ್ಲಿ. 2016ರಲ್ಲಿ ಆಗಿನ ಮುಖ್ಯಮಂತ್ರಿಗಳ ಕಾರಿನ ಮೇಲೆ ಕಾಗೆ ಕೂತಾಗಲೂ ಟಿವಿಯಲ್ಲಿ ಶಕುನದ್ದೇ ಮಾತು. ಆ ಕಾಗೆಗೆ ಹುಷಾರಿರಲಿಲ್ಲವಾ ಅಂತ ಕೇಳಿದವರನ್ನು ನಾನಂತೂ ಕಾಣೆ.

ಕೇಳಲೇಬೇಕೆಂದಿದ್ದರೆ, ದಿನಾ ಬರುವುದು ಅವೇ ಕಾಗೆಗಳು ಅಂತ ಹೇಗೆ ಗೊತ್ತು ಅಂತ ಕೇಳಿ. ಅದಾದರೆ ಕೂತು ಹೇಳಬಹುದು. ನಮ್ಮವು ಊರು ಕಾಗೆಗಳು, ಕುತ್ತಿಗೆ ಬೂದು ಬಣ್ಣ. ಕಾಡು ಕಾಗೆ ಪೂರ್ತಿ ಕಪ್ಪು, ಕೊಕ್ಕೂ ದಪ್ಪ. ಗಂಡು ಹೆಣ್ಣು ನೋಡಲಿಕ್ಕೆ ಒಂದೇ ಥರ, ಹಾಗಾಗಿ ಯಾರು ಗಂಡ ಯಾರು ಹೆಂಡತಿ ಎಂದು ಹೇಳಲು ನಾನು ಹೋಗುವುದಿಲ್ಲ. ಒಂದಕ್ಕೆ ಎಡಗಾಲಿನ ಬೆರಳು ಸೊಟ್ಟ, ಅದರ ಹೆಸರೂ ಸೊಟ್ಟ. ಒಣಗಿದ ಚಪಾತಿ ಹಾಕಿದರೆ ಸೊಟ್ಟ ಹಾಗೇ ತಿನ್ನುವುದಿಲ್ಲ. ಕಚ್ಚಿಕೊಂಡು ಬಾವಿಕಟ್ಟೆಗೆ ಹಾರಿ, ಬಕೆಟಿನ ನೀರಿಗೆ ಅದ್ದಿ, ಕಟ್ಟೆಯ ಮೇಲಿಟ್ಟು ಕೊಕ್ಕಿನಿಂದ ಒತ್ತಿ ನೋಡುತ್ತದೆ. ಮೆತ್ತಗಾಗದಿದ್ದರೆ ಮತ್ತೆ ಅದ್ದುತ್ತದೆ. ನಮ್ಮವರು ಚಾಕ್ಕೆ ರಸ್ಕ್ ಅದ್ದುವುದೂ ಹೀಗೇ, ಆದರೆ ಅವರದ್ದು ಅರ್ಧ ಲೋಟದೊಳಗೇ ಬೀಳುತ್ತದೆ. ಈ ಸಲದ ಮರಿಗೆ ಬಾಯೊಳಗೆಲ್ಲ ಕೆಂಪು. ಕಾಲ ಬುಡದಲ್ಲೇ ಅನ್ನ ಇದ್ದರೂ ರೆಕ್ಕೆ ನಡುಗಿಸುತ್ತಾ, ಅನ್ನದ ಕಡೆಗೇ ಬಾಯಿ ತೆರೆದು ಅರಚುತ್ತದೆ.

ಅವು ನಮ್ಮನ್ನು ಗುರುತಿಸುವುದು ಇದಕ್ಕಿಂತ ಜಾಸ್ತಿ. ಅಮೆರಿಕದ ಸಿಯಾಟಲ್‌ನಲ್ಲಿ 2006ರಲ್ಲಿ ಜಾನ್ ಮಾರ್ಜ್ಲಫ್ ಎಂಬ ವಿಜ್ಞಾನಿಯ ತಂಡ ಮುಖವಾಡ ಹಾಕಿಕೊಂಡು ಕಾಗೆಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ ಬಿಟ್ಟಿತು. ಆಮೇಲೆ ಆ ಮುಖವಾಡ ಹಾಕಿ ಯಾರು ನಡೆದರೂ ಕಾಗೆಗಳ ಬೈಗುಳ, ಅದೂ ವರ್ಷಗಟ್ಟಲೆ. ಸಿಕ್ಕಿಬೀಳದೇ ಇದ್ದ ಕಾಗೆಗಳೂ ಸೇರಿಕೊಂಡವು. ಅಲ್ಲಿಯದ್ದು ಬೇರೆ ಜಾತಿಯ ಕಾಗೆ ನಿಜ. ಆದರೆ ನಮಗೆ ಗ್ಯಾಸ್ ತರುವ ಹುಡುಗನನ್ನು ಕೇಳಿ ನೋಡಿ. ಮೇ ತಿಂಗಳಲ್ಲಿ ಹಲಸಿನ ಮರದಿಂದ ಬಿದ್ದ ಮರಿಯನ್ನು ದಾರಿಯಿಂದ ಪಕ್ಕಕ್ಕೆ ಎತ್ತಿಟ್ಟ, ಪಾಪ. ಅಂದಿನಿಂದ ಅವನು ಗೇಟು ತೆಗೆದರೆ ಸಾಕು, ಸೊಟ್ಟ ಮಾಡಿನಿಂದ ಇಳಿದು ತಲೆಗೆ ಒಂದು ಕೊಟ್ಟೇ ಹೋಗುತ್ತದೆ. ಪೋಸ್ಟಿನವರು ಪಕ್ಕದಲ್ಲೇ ನಿಂತಿದ್ದರೂ ಅವರನ್ನು ಮುಟ್ಟುವುದಿಲ್ಲ.

ಈಗ ಅವನು ಹೆಲ್ಮೆಟ್ ತೆಗೆಯದೇ ಸಿಲಿಂಡರ್ ಹೊತ್ತು ಬರುತ್ತಾನೆ. ಮೊನ್ನೆ ಇಳಿಸಿದವನು ಕಲ್ಲಿನ ಕಡೆ ನೋಡಿ ಕೇಳಿದ, "ಅಕ್ಕಾ, ನನ್ನ ಕೈಯಿಂದ ಒಂದು ಸಲ ಹಾಕಿದ್ರೆ ಬಿಡ್ತಾವಾ?"

ಇದು ನೋಡಿ ಪ್ರಶ್ನೆ. ಬೂತಾಯಿ ತಲೆ ಕೊಟ್ಟು ನೋಡುವ ಎಂದಿದ್ದೇನೆ. ಆದರೆ ಆಗಸ್ಟ್ ಬರಬೇಕು. ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಈಗಿನ ರೇಟಿಗೆ ಬೂತಾಯಿಯ ತಲೆಯನ್ನೂ ನಾವೇ ತಿನ್ನುತ್ತಿದ್ದೇವೆ.