ಮುಳುಗಿದ ಹಡಗಿಗೆ ಮಸೂದೆ ಬರೆದ ವರ್ಷ

2022ರ ಜೂನ್ ತಿಂಗಳಲ್ಲಿ, ಚೀನಾದಿಂದ ಲೆಬನಾನಿಗೆ ಉಕ್ಕಿನ ಸುರುಳಿಗಳನ್ನು ಹೊತ್ತು ಹೊರಟಿದ್ದ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗಿಗೆ ನೀರು ನುಗ್ಗಿ, ಅದು ಉಳ್ಳಾಲದ ಬಟ್ಟಪ್ಪಾಡಿಯ ಹತ್ತಿರ ತಳ ಹಿಡಿಯಿತು. ಅದರಲ್ಲಿದ್ದ ಸಿರಿಯಾದ 15 ಮಂದಿಯನ್ನು ಕರಾವಳಿ ಕಾವಲು ಪಡೆ ಸುರಕ್ಷಿತವಾಗಿ ದಡ ಸೇರಿಸಿತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ನನ್ನ ಸೋದರಮಾವ ದಕ್ಕೆಯಲ್ಲಿ ಕುಳಿತು ಟ್ರಾಲ್ ಬಲೆ ದುರಸ್ತಿ ಮಾಡುತ್ತಿದ್ದರು. ಕೈ ನಿಲ್ಲಿಸದೆಯೇ ಕೇಳಿದರು: “ಆಗಸ್ಟಿನಲ್ಲಿ ನಮ್ಮ ಬಲೆ ಆ ಹಡಗಿಗೆ ಸಿಕ್ಕಿ ಹರಿದರೆ ಅರ್ಜಿ ಕೊಡುವುದು ಯಾರಿಗೆ ಮಾರಾಯ? ನೀನು ವಕೀಲ ಅಲ್ವಾ, ಹೇಳು.”

ಸಿವಿಲ್ ನ್ಯಾಯಾಲಯದಲ್ಲಿ ನಾಲ್ಕು ವರ್ಷ ಜಾಗದ ತಕರಾರುಗಳನ್ನೇ ನಡೆಸಿದ್ದ ನನ್ನ ಬಳಿ ಉತ್ತರವಿರಲಿಲ್ಲ. ಅದೇ ಅಕ್ಟೋಬರಿನಲ್ಲಿ ನಾನು ಸಮುದ್ರ ಕಾನೂನಿನ ಎಲ್‌ಎಲ್‌ಎಂ ಓದಲು ಮಾಲ್ಟಾಕ್ಕೆ ಹೋದೆ. ನಾನು ಓದಿದ್ದು, ಹಡಗು ಸಾರಿಗೆಯ ನಿಯಮಗಳನ್ನು ರೂಪಿಸುವ ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಸಾಗರ ಸಂಘಟನೆಯು 1988ರಲ್ಲಿ ಮಾಲ್ಟಾ ವಿಶ್ವವಿದ್ಯಾಲಯದ ಆವರಣದಲ್ಲಿ ಸ್ಥಾಪಿಸಿದ ಕಾನೂನು ಸಂಸ್ಥೆಯಲ್ಲಿ. ಕಾನೂನಿಗಿಂತ ನೀತಿ ಮತ್ತು ಆಡಳಿತದ ಕಡೆ ಒಲವಿರುವವರಿಗೆ ಅದೇ ಸಂಘಟನೆ 1983ರಲ್ಲಿ ಆರಂಭಿಸಿದ ವಿಶ್ವವಿದ್ಯಾಲಯ ಸ್ವೀಡನ್ನಿನ ಮಾಲ್ಮೊದಲ್ಲಿದೆ; ದೇಶದೊಳಗೇ ಓದುವವರಿಗೆ ಗುಜರಾತಿನ ಸಾಗರ ವಿಶ್ವವಿದ್ಯಾಲಯವಿದೆ. ಪ್ರವೇಶ, ಶುಲ್ಕ, ವಿದ್ಯಾರ್ಥಿವೇತನಗಳ ವಿವರ ಆಯಾ ಸಂಸ್ಥೆಗಳಲ್ಲೇ ಸಿಗುತ್ತದೆಯಾದ್ದರಿಂದ, ಅಲ್ಲಿ ಕಲಿಯುವುದೇನು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಮೊದಲ ತಿಂಗಳುಗಳು ಕಡಲನ್ನು ಗೆರೆಗಳಾಗಿ ನೋಡಲು ಕಲಿಯುವುದರಲ್ಲೇ ಕಳೆದವು. ತೀರದ ಆಧಾರರೇಖೆಯಿಂದ 12 ನಾಟಿಕಲ್ ಮೈಲುಗಳವರೆಗೆ ಪ್ರಾದೇಶಿಕ ಸಮುದ್ರ, 200ರವರೆಗೆ ಅನನ್ಯ ಆರ್ಥಿಕ ವಲಯ, ಅಂದರೆ ಮೀನು, ಖನಿಜದಂಥ ಸಂಪತ್ತಿನ ಹಕ್ಕು ಮಾತ್ರ ತೀರದ ದೇಶಕ್ಕಿರುವ ಕಡಲು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 320 ವಿಧಿಗಳಲ್ಲಿ ಬಹುಪಾಲು ಈ ಗೆರೆಗಳ ಸುತ್ತಲೇ ಸುತ್ತುತ್ತವೆ ಎಂದು ನನಗೆ ಅನ್ನಿಸಿತ್ತು. ನಮ್ಮ ಮೀನುಗಾರರಿಗೆ ಇದು ಹೊಸದಲ್ಲ: 12 ಮೈಲುಗಳ ಒಳಗೆ ರಾಜ್ಯದ 1986ರ ಕಾಯ್ದೆ, ಆಚೆಗೆ ಕೇಂದ್ರದ ಆದೇಶ ಎಂಬುದನ್ನು ಬೆಳಕು ಮೀನುಗಾರಿಕೆಯ (ರಾತ್ರಿ ಪ್ರಖರ ದೀಪ ಹಾಕಿ ಮೀನು ಸೆಳೆದು ಹಿಡಿಯುವುದರ) ಜಗಳದಲ್ಲಿ ಅವರು ನನಗಿಂತ ಮೊದಲೇ ಕಲಿತಿದ್ದರು.

ಆ ವರ್ಷದ ನಿಜವಾದ ಕೆಲಸವೆಂದರೆ ಕರಡು ರಚನೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಅಂತರರಾಷ್ಟ್ರೀಯ ಒಪ್ಪಂದವನ್ನು ಆರಿಸಿಕೊಂಡು, ಅದನ್ನು ತನ್ನ ದೇಶದ ಕಾನೂನಾಗಿಸುವ ಮಸೂದೆಯನ್ನು ಬರೆಯಬೇಕು. ನಾನು ಭಗ್ನನೌಕೆಗಳ ತೆರವಿಗೆ ಸಂಬಂಧಿಸಿದ 2007ರ ನೈರೋಬಿ ಒಪ್ಪಂದವನ್ನು ಆರಿಸಿಕೊಂಡೆ, ಕಾರಣ ಹೇಳಬೇಕಾಗಿಲ್ಲ. 2015ರಲ್ಲಿ ಜಾರಿಗೆ ಬಂದ ಈ ಒಪ್ಪಂದಕ್ಕೆ ಭಾರತ 2011ರಲ್ಲೇ ಸೇರಿತ್ತು. ಆದರೆ ನಮ್ಮಲ್ಲಿ ಒಪ್ಪಂದಕ್ಕೆ ಸೇರಿದ ಮಾತ್ರಕ್ಕೆ ಅದು ನ್ಯಾಯಾಲಯದಲ್ಲಿ ನಡೆಯುವ ಕಾನೂನಾಗುವುದಿಲ್ಲ, ಸಂವಿಧಾನದ 253ನೆಯ ವಿಧಿಯ ಅಧಿಕಾರದಿಂದ ಸಂಸತ್ತು ಕಾಯ್ದೆ ಮಾಡಬೇಕು.

ಅಪಾಯಕಾರಿ ಎಂದು ನಿರ್ಧಾರವಾದ ಭಗ್ನನೌಕೆಯನ್ನು ನೋಂದಾಯಿತ ಮಾಲೀಕನೇ ತೆಗೆಯಬೇಕು ಎನ್ನುತ್ತದೆ ಒಪ್ಪಂದ. ಹಾಗೆ ನಿರ್ಧರಿಸುವವರು ಯಾರು? ‘ಬಾಧಿತ ರಾಷ್ಟ್ರ’. ನಾನು ಆ ಮಾತನ್ನು ಹಾಗೆಯೇ ಕರಡಿಗೆ ಇಳಿಸಿದ್ದೆ. ಕಾಗದ ಮರಳಿ ಬಂದಾಗ ಅಧ್ಯಾಪಕರು ‘ರಾಷ್ಟ್ರ’ ಎಂಬ ಪದಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ ಅಂಚಿನಲ್ಲಿ ಬರೆದಿದ್ದರು: ಈ ವ್ಯಕ್ತಿಯ ಮೇಜು ಯಾವ ಊರಿನಲ್ಲಿದೆ? ಮುಂಬೈಯ ನೌಕಾಯಾನ ಮಹಾನಿರ್ದೇಶಕರೇ, ಬಂದರಿನ ಅಧಿಕಾರಿಯೇ, ಕರಾವಳಿ ಕಾವಲು ಪಡೆಯೇ, 1958ರ ವಾಣಿಜ್ಯ ನೌಕಾಯಾನ ಕಾಯ್ದೆಯಲ್ಲಿದ್ದ ಭಗ್ನನೌಕೆಗಳ ರಿಸೀವರೇ? ನಮ್ಮ ಕಚೇರಿಗಳ ಕನ್ನಡದಲ್ಲಿ ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದು ಬರೆದರೆ ಸಾಕು, ಕರ್ತೃವೇ ಇಲ್ಲದೆ ವಾಕ್ಯ ಮುಗಿಯುತ್ತದೆ. ನನ್ನ ಇಂಗ್ಲಿಷ್ ಕರಡಿನಲ್ಲೂ ಅದೇ ಜಾಡ್ಯವಿತ್ತು. ಆ ಒಂದು ಕಲಮನ್ನು ಹನ್ನೊಂದು ಸಲ ತಿದ್ದಿದೆ. ಆಫ್ರಿಕಾದ, ಕೆರೀಬಿಯನ್ ದ್ವೀಪಗಳ ಸರಕಾರಿ ವಕೀಲರಾಗಿದ್ದ ನನ್ನ ಸಹಪಾಠಿಗಳ ಗೋಳೂ ಇದೇ ಆಗಿತ್ತೆಂಬುದು ಸಣ್ಣ ಸಮಾಧಾನ.

ಎರಡನೆಯ ಪೆಟ್ಟು ಇನ್ನೂ ವಿಚಿತ್ರವಾದದ್ದು. ಒಪ್ಪಂದದ ಮೂಲ ವ್ಯಾಪ್ತಿ ಇರುವುದು ಅನನ್ಯ ಆರ್ಥಿಕ ವಲಯಕ್ಕೆ. 12 ಮೈಲುಗಳ ಒಳಗಿನ ನೀರಿಗೂ ಅದು ಅನ್ವಯಿಸಬೇಕಾದರೆ ರಾಷ್ಟ್ರ ಪ್ರತ್ಯೇಕವಾಗಿ ಹಾಗೆಂದು ತಿಳಿಸಬೇಕು. ಪ್ರಿನ್ಸೆಸ್ ಮಿರಾಲ್ ಕೂತಿದ್ದು ಆ ಗೆರೆಯ ಒಳಗೆ. ಹೀಗಾಗಿ ನನ್ನ ಮಸೂದೆಯ ಮೂರನೆಯ ಕಲಮು ಆ ವಿಸ್ತರಣೆಗೇ ಮೀಸಲಾಯಿತು. ಒಪ್ಪಂದವು ಕಾಪಾಡಲು ಹೊರಟ ಹಿತಗಳ ಪಟ್ಟಿಯಲ್ಲಿ, ಜೀವನಾಧಾರವಾದ ಮೀನುಗಾರಿಕೆಯನ್ನು ಸ್ಪಷ್ಟವಾಗಿ ಹೆಸರಿಸಿರುವುದನ್ನು ಕಂಡು ಸಂತೋಷಪಟ್ಟಿದ್ದೆ. ಆದರೆ ಅದರಡಿ ವಸೂಲಾಗುವುದು ಹಡಗನ್ನು ಪತ್ತೆಹಚ್ಚುವ, ಗುರುತು ಹಾಕುವ, ತೆಗೆಯುವ ವೆಚ್ಚ ಮಾತ್ರ. 300 ಟನ್ನು ಮತ್ತು ಅದಕ್ಕೂ ಮೇಲಿನ ಹಡಗುಗಳಿಗೆ ವಿಮೆ ಕಡ್ಡಾಯ, ಆ ವೆಚ್ಚಕ್ಕೆ ವಿಮೆಗಾರನನ್ನೇ ನೇರವಾಗಿ ಹಿಡಿಯಲೂಬಹುದು. ಹರಿದ ಬಲೆಗೆ ಅದರಲ್ಲಿ ಚಿಕ್ಕಾಸಿಲ್ಲ.

ಬಲೆಯ ದಾರಿ ಬೇರೆ. ಹಡಗುಗಳ ಮೇಲಿನ ದಾವೆಗಳಿಗೆ ಸಂಬಂಧಿಸಿದ 2017ರ ಅಡ್ಮಿರಾಲ್ಟಿ ಕಾಯ್ದೆ 2018ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಕರ್ನಾಟಕ ಹೈಕೋರ್ಟಿಗೂ ಹಡಗನ್ನು ಅರೆಸ್ಟ್ ಮಾಡಿಸುವ, ಅಂದರೆ ದಾವೆಯ ಭದ್ರತೆಗಾಗಿ ತಡೆಹಿಡಿಯುವ, ಅಧಿಕಾರವಿದೆ. ಹಡಗೇ ಮುಳುಗಿದ್ದರೆ ಅದೇ ಮಾಲೀಕನ ಇನ್ನೊಂದು ಹಡಗನ್ನು ಹಿಡಿಯಬಹುದು. ಒಂದೊಂದು ಹಡಗಿಗೆ ಒಂದೊಂದು ಕಂಪನಿ ಮಾಡಿಟ್ಟುಕೊಳ್ಳುವ ಈ ವ್ಯಾಪಾರದಲ್ಲಿ ಅಂಥದ್ದು ಸಿಗುವುದೇ ಕಷ್ಟ. 2025ರ ಮೇ 25ರಂದು 640 ಕಂಟೇನರುಗಳ ಸಮೇತ ಕೇರಳದ ಕಡಲಲ್ಲಿ ‘ಎಂಎಸ್‌ಸಿ ಎಲ್ಸಾ 3’ ಮುಳುಗಿದಾಗ, ಕೇರಳ ಸರಕಾರ 9,531 ಕೋಟಿ ರೂಪಾಯಿಯ ದಾವೆ ಹೂಡಿ ವಿಳಿಂಜಂನಲ್ಲಿದ್ದ ‘ಎಂಎಸ್‌ಸಿ ಅಕಿಟೆಟಾ 2’ ಎಂಬ ಇನ್ನೊಂದು ಹಡಗಿನ ಅರೆಸ್ಟ್ ಆದೇಶ ಪಡೆದದ್ದು ಇದೇ ಕಾಯ್ದೆಯ ಬಲದಿಂದ. ಅದೇ ವರ್ಷ ಸಂಸತ್ತು 1958ರ ಕಾಯ್ದೆಯ ಜಾಗಕ್ಕೆ ಹೊಸ ವಾಣಿಜ್ಯ ನೌಕಾಯಾನ ಕಾಯ್ದೆಯನ್ನು ತಂದಿತು. ಅದರಲ್ಲಿನ ಭಗ್ನನೌಕೆಗಳ ಭಾಗವನ್ನು ನಾನು ಓದಿದ್ದು ನನ್ನ ಹಳೆಯ ಕರಡನ್ನು ಪಕ್ಕದಲ್ಲಿಟ್ಟುಕೊಂಡು, ಪರೀಕ್ಷೆಯ ಫಲಿತಾಂಶ ನೋಡುವವನ ಹಾಗೆ.

ಇಷ್ಟನ್ನೂ ಮಾವನಿಗೆ ಒಂದು ಭಾನುವಾರ ವಿವರಿಸಿದೆ. ಹೈಕೋರ್ಟು ಎಂದಾಗ ಅವರು ನಕ್ಕರು. ಭಗ್ನನೌಕೆ ಇರುವ ಜಾಗವನ್ನು ತಡಮಾಡದೆ ನಾವಿಕರಿಗೆ ತಿಳಿಸಬೇಕು, ಅಲ್ಲಿ ಗುರುತು ಹಾಕಬೇಕು ಎಂಬ ಒಪ್ಪಂದದ ಮಾತಿಗೆ ಬಂದಾಗ ಮಾತ್ರ ಎದ್ದು ಹೋಗಿ, ಬೋಟು ನಡೆಸುವ ತಂಡೇಲನ ಹಳೆಯ ನೋಟ್‌ಬುಕ್ ತಂದು ಒಂದು ಪುಟ ತೆರೆದರು. ಜಿಪಿಎಸ್ ಅಂಕಿಗಳು, ಆಳ ಎಷ್ಟು ಮಾರು ಎಂಬ ಲೆಕ್ಕ, ಅದರ ಕೆಳಗೆ ನೀಲಿ ಶಾಯಿಯಲ್ಲಿ ‘ಸಿರಿಯಾ ಹಡಗು, ಬಲೆ ಬಿಡಬಾರದು’ ಎಂದಿತ್ತು. ತಾರೀಕು 2022ರ ಆಗಸ್ಟ್ ಮೊದಲ ವಾರದ್ದು.