ಮೂವರು ಹುಡುಗಿಯರ ಮುಂದೆ

ಇಂಡಿಯಾ ಗೇಟ್ ಹತ್ತಿರ ಫೋಟೋ ತೆಗೆಯುವ ಹುಡುಗ ಮೂರು ಸಲ ಹೇಳಿದ: "ಥೋಡಾ ಮುಸ್ಕುರಾಯಿಯೇ, ಆಂಟಿ." ಸ್ವಲ್ಪ ನಗಿ ಅಂತ. ಮೂರನೇ ಸಲ ಮಗಳು ಅವನ ಕೈಗೆ ದುಡ್ಡಿಟ್ಟು, ಫೋಟೋ ಬೇಡ ಅಂದು ನನ್ನ ತೋಳು ಹಿಡಿದು ನಡೆದಳು.

ನನ್ನ ಮುಖದ ಎಡಭಾಗ ಸ್ವಾಧೀನ ತಪ್ಪಿ ಆಗ ಏಳು ವಾರ. ಹಾಸನದ ಮನೆಯಲ್ಲಿ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ತುಟಿಯ ಮೂಲೆಯಿಂದ ತಾನಾಗಿ ಸುರಿದುಹೋಯಿತು. ಕನ್ನಡಿ ನೋಡಿದರೆ ಬಾಯಿ ಬಲಕ್ಕೆ ಸೊಟ್ಟಗಾಗಿತ್ತು. ಬೆಲ್ಸ್ ಪಾಲ್ಸಿ, ಮುಖದ ನರ ಊದಿಕೊಂಡಿದೆ, ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿ ಹೋಗುತ್ತೆ ಅಂದರು ಡಾಕ್ಟರು. ಅಕ್ಕಪಕ್ಕದವರು ಗಾಳಿ ಬಡಿದಿದೆ ಅಂದರು. ಎಡಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ರಾತ್ರಿ ರೆಪ್ಪೆಗೆ ಟೇಪ್ ಅಂಟಿಸಿಕೊಂಡು ಮಲಗುತ್ತಿದ್ದೆ. ನಕ್ಕರೆ ಅರ್ಧ ಮುಖ ಮಾತ್ರ ನಗುತ್ತಿತ್ತು. ತಂಗಿ ಮಗನ ಮದುವೆಯಲ್ಲಿ ಎಲ್ಲ ಫೋಟೋಗಳಲ್ಲೂ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದೇನೆ. ಅದು ನೋವಿಗಿಂತ ಜಾಸ್ತಿ ಸುಸ್ತು ಮಾಡುತ್ತದೆ. ಎದುರಿಗೆ ಬಂದವರಿಗೆಲ್ಲ ಒಂದು ನಗು ಕೊಟ್ಟೇ ಬದುಕಿದ್ದೇವೆ ಅನ್ನೋದು ಅದು ಹೋದ ಮೇಲೇ ಗೊತ್ತಾಗೋದು.

ಒಂದಿಷ್ಟು ದಿನ ನನ್ನ ಹತ್ರ ಇರು ಬಾ ಅಂತ ಮಗಳು ದೆಹಲಿಗೆ ಕರೆಸಿಕೊಂಡಿದ್ದಳು. ಅವತ್ತು ಚಳಿ ಗಾಳಿ ಬೇಡ, ಒಳಗೆ ಎಲ್ಲಾದರೂ ಕೂರೋಣ ಅಂತ ಪಕ್ಕದ ಜೈಪುರ ಹೌಸ್‌ಗೆ ಹೋದೆವು. ಜೈಪುರದ ಮಹಾರಾಜರ ಬಂಗಲೆಯಾಗಿದ್ದ ಆ ಕಟ್ಟಡದಲ್ಲಿ 1954ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ. ಚಿತ್ರಕಲೆ ನೋಡಬೇಕು ಅಂತ ಹೋದದ್ದಲ್ಲ. ಅಮೃತಾ ಶೇರ್‌ಗಿಲ್ ಹೆಸರು ಕೇಳಿದ್ದೆ, ಅಷ್ಟೆ. ಅವಳ ನೂರಕ್ಕೂ ಹೆಚ್ಚು ಚಿತ್ರಗಳು ಈ ಸಂಗ್ರಹದಲ್ಲಿವೆ.

ಮೊದಲು ಅವಳು ತನ್ನದೇ ಮುಖ ಬರೆದುಕೊಂಡ ಚಿತ್ರಗಳನ್ನು ನೋಡಿದೆ. ಅಮ್ಮ ಹಂಗೇರಿಯವಳು, ಅಪ್ಪ ಪಂಜಾಬಿನ ಸಿಖ್. ಹದಿಹರೆಯದಲ್ಲೇ ಪ್ಯಾರಿಸ್‌ಗೆ ಹೋಗಿ ಚಿತ್ರ ಬರೆಯೋದು ಕಲಿತವಳು. ಒಂದು ಚಿತ್ರದಲ್ಲಿ ಹಲ್ಲು ಕಾಣುವ ಹಾಗೆ ನಗುತ್ತಾಳೆ. ಎಂಥ ತುಂಬು ನಗು! ನಾನು ಅದರ ಮುಂದೆ ನಿಲ್ಲಲಾರದೆ ಬೇಗ ದಾಟಿದೆ.

ಆಮೇಲೆ ಆ ಮೂವರು ಹುಡುಗಿಯರು ಸಿಕ್ಕರು. 1934ರ ಕೊನೆಗೆ ಭಾರತಕ್ಕೆ ವಾಪಸ್ ಬಂದ ಅಮೃತಾ ಮರುವರ್ಷವೇ ಬರೆದ ಚಿತ್ರ. ಆಗ ಅವಳಿಗೆ ಇಪ್ಪತ್ತೆರಡು. ಮೂವರೂ ಒಬ್ಬರಿಗೊಬ್ಬರು ಒತ್ತಿಕೊಂಡ ಹಾಗೆ ಕೂತಿದ್ದಾರೆ. ಹಿಂದೆ ಕಿಟಕಿಯಿಲ್ಲ, ಸಾಮಾನಿಲ್ಲ, ಮನೆ ಯಾವುದು ಊರು ಯಾವುದು ಅನ್ನೋ ಗುರುತಿಲ್ಲ. ಕಣ್ಣು ಕೆಳಗೆ. ಒಬ್ಬಳೂ ನಮ್ಮನ್ನು ನೋಡಲ್ಲ, ಪಕ್ಕದವಳನ್ನೂ ನೋಡಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕೈ. ಮಡಿಲಲ್ಲಿ ಸುಮ್ನೆ ಬಿದ್ದಿರುವ ಕೈ. ಏನನ್ನೂ ಹಿಡಿದಿಲ್ಲ, ಸೆರಗು ಸರಿಮಾಡುತ್ತಿಲ್ಲ, ಮುಷ್ಟಿ ಕಟ್ಟಿಲ್ಲ. ಕೆಲಸ ಮುಗಿದ ಮೇಲೋ, ಕೆಲಸ ಶುರುವಾಗುವ ಮುಂಚೆಯೋ, ಮನೆಯಲ್ಲಿ ಯಾರೂ ನೋಡದಿರುವಾಗ ಕೈ ಹಾಗಿರುತ್ತದೆ.

ಮದುವೆಗೆ ಕಾದಿರುವ ಹುಡುಗಿಯರ ದುಃಖ ಇದು ಅಂತ ಮಗಳು ಮೊಬೈಲಿನಲ್ಲಿ ನೋಡಿ ಹೇಳಿದಳು. 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಬಂದಿದ್ದು ಇದಕ್ಕೇ ಅಂತಲೂ ಹೇಳಿದಳು. ದುಃಖ ಇರಬಹುದು. ಆದರೆ ನನಗೆ ಕಂಡದ್ದು ಬೇರೆ. ಸ್ವಲ್ಪ ನಗು, ಈ ಕಡೆ ತಿರುಗು ಅಂತ ಅಮೃತಾ ಆ ಮಕ್ಕಳಿಗೆ ಹೇಳಿರಲಾರಳು. ಇದ್ದ ಹಾಗೆ ಇರೋಕೆ ಬಿಟ್ಟಿದ್ದಾಳೆ. ಅಷ್ಟು ಚೆನ್ನಾಗಿ ನಗುತ್ತಿದ್ದ ಹುಡುಗಿ, ಬೇರೆಯವರಿಂದ ಆ ನಗು ಕೇಳಲಿಲ್ಲ. ನಮ್ಮ ಅಜ್ಜಿಯ ಮನೆ ಪಡಸಾಲೆಯಲ್ಲಿ ತೂಗುಹಾಕಿದ್ದ ಹಳೇ ಫೋಟೋಗಳಲ್ಲೂ ಯಾರೂ ನಗುತ್ತಿರಲಿಲ್ಲ, ಅದು ನೆನಪಾಯಿತು. ಆದರೆ ಅವರು ಕ್ಯಾಮೆರಾಗೆ ಹೆದರಿ ಸೆಟೆದು ನಿಂತವರು. ಈ ಮಕ್ಕಳ ಮೈಯಲ್ಲಿ ಆ ಬಿಗಿ ಇಲ್ಲ.

ಅದಾಗಿ ಎರಡು ವರ್ಷದ ಆಮೇಲೆ ಅಮೃತಾ ದಕ್ಷಿಣ ಭಾರತವೆಲ್ಲ ಸುತ್ತಿ ಬಂದು ಬರೆದ ಮದುಮಗಳ ಅಲಂಕಾರದ ಚಿತ್ರವನ್ನೂ ನೋಡಿದೆ, ಬ್ರಹ್ಮಚಾರಿಗಳ ಚಿತ್ರವನ್ನೂ ನೋಡಿದೆ. ಅಲ್ಲೂ ಅದೇ ಸದ್ದಿಲ್ಲದ ಮುಖಗಳು. 1941ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ತೀರಿಕೊಂಡಾಗ ಅವಳಿಗೆ ಇಪ್ಪತ್ತೆಂಟು ಅಂತ ಮಗಳು ಹೇಳಿದಳು. ನನ್ನ ಮಗಳಿಗೂ ಈಗ ಇಪ್ಪತ್ತೆಂಟೇ. ನಾನು ಏನೂ ಮಾತಾಡದೆ ಮತ್ತೆ ಆ ಮೂವರ ಹತ್ರ ವಾಪಸ್ ಬಂದೆ.

ಎಷ್ಟು ಹೊತ್ತು ನಿಂತಿದ್ದೆನೋ. ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು. ಮುಚ್ಚದ ಕಣ್ಣು ಯಾವಾಗಲೂ ಹಾಗೇ, ಒಣಗಿದಷ್ಟೂ ಸುರಿಯುತ್ತದೆ. ಅಲ್ಲಿ ಕಾವಲಿಗಿದ್ದ ಹೆಂಗಸು ಎದ್ದು ಬಂದರು. ನನ್ನ ವಯಸ್ಸೇ ಇರಬೇಕು, ಯೂನಿಫಾರ್ಮ್ ಮೇಲೆ ಕಂದು ಸ್ವೆಟರ್. ಏನೂ ಕೇಳಲಿಲ್ಲ. ತಾವು ಕೂತಿದ್ದ ಪ್ಲಾಸ್ಟಿಕ್ ಕುರ್ಚಿ ಎತ್ತಿ ತಂದು ನನ್ನ ಹಿಂದೆ ಇಟ್ಟು, "ಬೈಠಿಯೇ" ಅಂದರು. ಅಳ್ತಾ ಇಲ್ಲ, ಕಾಯಿಲೆ ಇದು ಅಂತ ನನ್ನ ಹರಕು ಹಿಂದಿಯಲ್ಲಿ ಹೇಳಹೊರಟೆ. "ಕೋಯೀ ಬಾತ್ ನಹೀಂ" ಅಂದು ಬಾಗಿಲ ಹತ್ತಿರ ಹೋಗಿ ನಿಂತುಕೊಂಡರು. ನಾನು ಕೂತೆ. ಸೆರಗು ಹೆಗಲ ಮೇಲೇ ಇತ್ತು. ಅಷ್ಟು ಹೊತ್ತು ಅದನ್ನು ಬಾಯಿಗೆ ತಂದೇ ಇರಲಿಲ್ಲ ಅನ್ನೋದು ಆಗ ಗಮನಕ್ಕೆ ಬಂತು.

"ಅಮ್ಮಾ, ಡ್ರಾಪ್ಸ್ ಟೈಮ್ ಆಯ್ತು," ಅಂದಳು ಮಗಳು. ಚಿತ್ರದಿಂದ ದೂರಕ್ಕೆ ಕುರ್ಚಿ ಸರಿಸಿ, ನನ್ನ ತಲೆಯನ್ನು ಹಿಂದಕ್ಕೆ ಬಾಗಿಸಿ ಎರಡು ಹನಿ ಹಾಕಿದಳು. ಆಮೇಲೆ ತೋರುಬೆರಳಿನಿಂದ ರೆಪ್ಪೆಯನ್ನು ಮೆಲ್ಲಗೆ ಕೆಳಗಿಳಿಸಿ ಹಾಗೇ ಹಿಡಿದುಕೊಂಡಳು. ಬೆರಳು ತಣ್ಣಗಿತ್ತು. ತಲೆ ನೆಟ್ಟಗೆ ಮಾಡಿದಾಗಲೂ ಬೆರಳು ತೆಗೆಯಲಿಲ್ಲ. ಬಲಗಣ್ಣಿಗೆ ಹುಡುಗಿಯರು ಕಾಣುತ್ತಿದ್ದರು.

"ಇನ್ನೂ ಸ್ವಲ್ಪ ಹೊತ್ತು ಕೂರೋಣ್ವಾ?" ಅಂದೆ.

"ಕೂರು," ಅಂದಳು.