ಎಳನೀರು ಹಿಡಿದು ವಾರ್ಡಿಗೆ ಹೋಗುವ ಮುನ್ನ

ಆಸ್ಪತ್ರೆ ಎಂದರೆ ನಮಗೆ ಮೊದಲು ನೆನಪಾಗುವುದು ಎಳನೀರು. ಗೇಟಿನ ಎದುರಿಗೇ ಗಾಡಿ ನಿಂತಿರುತ್ತದೆ. ಎರಡು ಕಾಯಿ ಕೊಚ್ಚಿಸಿ, ಬಾಟಲಿಗೆ ಹಾಕಿಸಿಕೊಂಡು ಒಳಗೆ ಹೋಗುತ್ತೇವೆ. ಸಾಮಾನ್ಯ ಜ್ವರದಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಅದು ಒಳ್ಳೆಯದೇ. ಕಿಡ್ನಿ ಸೋತು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರಿಗೆ ಮಾತ್ರ ಅದೇ ಎಳನೀರು ಪ್ರಾಣಕ್ಕೆ ಎರವಾಗಬಹುದು. 100 ಮಿ.ಲೀ. ಎಳನೀರಿನಲ್ಲಿ ಸುಮಾರು 200ರಿಂದ 250 ಮಿ.ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಒಂದು ಕಾಯಿಯಲ್ಲಿ 300 ಮಿ.ಲೀ. ಸಿಕ್ಕರೂ 600 ಮಿ.ಗ್ರಾಂ ಆಯಿತು. ಆರೋಗ್ಯವಾಗಿರುವ ಕಿಡ್ನಿ ಹೆಚ್ಚಾದ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಹಾಕುತ್ತದೆ, ಸೋತ ಕಿಡ್ನಿಗೆ ಅದು ಆಗುವುದಿಲ್ಲ. ಪೊಟ್ಯಾಸಿಯಂ ರಕ್ತದಲ್ಲಿ ಏರುತ್ತಾ ಹೋದರೆ ಹೃದಯದ ಬಡಿತ ಲಯ ತಪ್ಪುತ್ತದೆ, ನಿಂತೂ ಹೋಗಬಹುದು. ಬಾಳೆಹಣ್ಣು, ಮೂಸಂಬಿ ರಸ, ಖರ್ಜೂರ, ಒಣದ್ರಾಕ್ಷಿಗೂ ಇದೇ ಮಾತು. ನಾವು ಪ್ರೀತಿಯಿಂದ ಕೊಂಡೊಯ್ಯುವ ಚೀಲದಲ್ಲಿ ಹೆಚ್ಚಾಗಿ ಇರುವುದು ಇವೇ.

ಈ ಬರಹದಲ್ಲಿ ಹೇಳಬೇಕಾದ ಮುಖ್ಯ ವಿಷಯ ಇದೇ: ರೋಗಿಯ ಬಾಯಿಗೆ ಹೋಗುವ, ಮೈಗೆ ತಾಕುವ ಪ್ರತಿಯೊಂದೂ ಚಿಕಿತ್ಸೆಯ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಹೊರಡುವ ಮುಂಚೆ, ರೋಗಿಯ ಜೊತೆಗಿರುವವರಿಗೆ ಒಂದು ಫೋನ್ ಮಾಡಿ. ಕೇಳಬೇಕಾದದ್ದು ಮೂರೇ. ಈಗ ಬಂದರೆ ಆಗುತ್ತದಾ? ತಿನ್ನಲು ಕುಡಿಯಲು ಏನಾದರೂ ಕೊಡಬಹುದಾ? ನಿಮಗೇನು ತರಲಿ? ಮೂರನೆಯ ಪ್ರಶ್ನೆಯನ್ನು ನಾವು ಹೆಚ್ಚಾಗಿ ಕೇಳುವುದೇ ಇಲ್ಲ. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಹೃದಯ ದುರ್ಬಲವಾಗಿ ಕಾಲು ಊದಿಕೊಂಡವರಿಗೆ ಡಾಕ್ಟರು ದಿನಕ್ಕೆ ಒಂದೂವರೆ ಲೀಟರಿನೊಳಗೆ ಎಂದು ದ್ರವದ ಮಿತಿ ಹಾಕಿರಬಹುದು. ಮಜ್ಜಿಗೆ, ಗಂಜಿ, ಸಾರು, ಕಾಫಿ ಎಲ್ಲವೂ ಅದರೊಳಗೇ ಬರಬೇಕು. ಸಂಜೆ ಬಂದ ನಾಲ್ವರು ತಲಾ ಒಂದು ಲೋಟ ಕುಡಿಸಿದರೆ ಮಿತಿ ದಾಟಿತು, ರಾತ್ರಿ ಉಸಿರು ಕಟ್ಟುತ್ತದೆ. ಡೆಂಗ್ಯೂ ರೋಗಿಗಳ ವಿಷಯದಲ್ಲೂ ದ್ರವದ ಲೆಕ್ಕವೇ ಮುಖ್ಯ. ಜ್ವರ ಇಳಿಯುವ ಹೊತ್ತಿನ ಒಂದೆರಡು ದಿನ ರಕ್ತನಾಳಗಳಿಂದ ನೀರಿನಂಶ ಸೋರುವ ಅಪಾಯವಿರುವುದರಿಂದ, ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಸಿಸ್ಟರ್ ಹಾಳೆಯಲ್ಲಿ ಬರೆದಿಡುತ್ತಾರೆ. ನೀವು ಕೊಟ್ಟ ಒಂದು ಲೋಟವೂ ಆ ಹಾಳೆಗೆ ಹೋಗಬೇಕು. ಪರಂಗಿ ಎಲೆಯ ರಸವನ್ನು ಯಾರಿಗೂ ಹೇಳದೆ ಕುಡಿಸುವವರಿದ್ದಾರೆ. ಡೆಂಗ್ಯೂನಲ್ಲಿ ಬಿಡದ ವಾಂತಿ ಅಪಾಯದ ಸೂಚನೆ. ರಸ ಕುಡಿದು ವಾಂತಿಯಾದರೆ ಅದು ಕಾಯಿಲೆಯದೋ ರಸದ್ದೋ ಎಂದು ಡಾಕ್ಟರಿಗೆ ಗೊತ್ತಾಗುವುದು ಹೇಗೆ? ಸಕ್ಕರೆ ಕಾಯಿಲೆಯವರಿಗಂತೂ ಇನ್ಸುಲಿನ್ ಪ್ರಮಾಣವನ್ನು ಆಸ್ಪತ್ರೆಯ ಊಟ ನೋಡಿಯೇ ನಿಗದಿ ಮಾಡಿರುತ್ತಾರೆ. ನಡುವೆ ಬಿಸ್ಕತ್ತು, ಹಾರ್ಲಿಕ್ಸ್ ಸೇರಿದರೆ ಆ ಲೆಕ್ಕ ತಪ್ಪುತ್ತದೆ.

ಇನ್ನು ತೀರ್ಥ, ಪ್ರಸಾದ. ಆಪರೇಷನ್ ಇರುವವರು ಸಾಮಾನ್ಯವಾಗಿ ಗಟ್ಟಿ ಆಹಾರವನ್ನು 6 ಗಂಟೆ ಮೊದಲೇ, ನೀರನ್ನು 2 ಗಂಟೆ ಮೊದಲೇ ನಿಲ್ಲಿಸಿರಬೇಕು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯದಿರಲಿ ಎಂಬ ಕಾರಣಕ್ಕೆ ಈ ನಿಯಮ. ಪಂಚಕಜ್ಜಾಯ ಒಂದು ಚಿಟಿಕೆ ಬಾಯಿಗೆ ಹಾಕಿದರೂ ಅದನ್ನು ಹೇಳಲೇಬೇಕು, ಆಪರೇಷನ್ ಮುಂದಕ್ಕೆ ಹೋಗಲೂಬಹುದು. ಇದಕ್ಕಿಂತ ಹೆಚ್ಚಿನ ಅಪಾಯ ಲಕ್ವ ಹೊಡೆದವರದ್ದು. ಸ್ಟ್ರೋಕ್ ಆದ ಅನೇಕರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ಅಂಥವರಿಗೆ ಗಟ್ಟಿ ಪದಾರ್ಥಕ್ಕಿಂತ ತೆಳು ನೀರೇ ಕಷ್ಟ. ಅದು ಬೇಗ ಜಾರಿ ಶ್ವಾಸನಾಳಕ್ಕೆ ಹೋಗುತ್ತದೆ, ಕೆಲವೊಮ್ಮೆ ಕೆಮ್ಮು ಕೂಡ ಬರುವುದಿಲ್ಲ, ಎರಡು ದಿನದಲ್ಲಿ ನ್ಯುಮೋನಿಯಾ ಕಾಣಿಸಿಕೊಳ್ಳುತ್ತದೆ. ಮೂಗಿನಲ್ಲಿ ನಳಿಕೆ ಇದ್ದರೆ ಬಾಯಿಗೆ ಏನನ್ನೂ ಹಾಕಬಾರದು ಎಂದೇ ತಿಳಿದುಕೊಳ್ಳಿ. ತೀರ್ಥವನ್ನು ತಲೆಗೆ ಪ್ರೋಕ್ಷಿಸಿ, ಪ್ರಸಾದದ ಹೂವನ್ನು ಕಣ್ಣಿಗೆ ಒತ್ತಿದರೆ ದೇವರೇನೂ ಬೇಸರಿಸುವುದಿಲ್ಲ. ಆಕ್ಸಿಜನ್ ಹಾಕಿರುವ ಕಡೆ ಕರ್ಪೂರ, ಊದುಬತ್ತಿ ಖಂಡಿತ ಬೇಡ. ಆಕ್ಸಿಜನ್ ತಾನು ಉರಿಯದಿದ್ದರೂ ಸುತ್ತಲಿನ ಬಟ್ಟೆ, ಹಾಸಿಗೆಗೆ ಕಿಡಿ ತಾಗಿದರೆ ಕ್ಷಣದಲ್ಲಿ ಹೊತ್ತಿಸುತ್ತದೆ. ತಾಯತ ಕಟ್ಟುವುದಾದರೆ ಡ್ರಿಪ್ಸ್ ಸೂಜಿ ಇರುವ ಕೈಗೆ ಬೇಡ, ಕೈ ಊದಿದಾಗ ದಾರ ಬಿಗಿಯುತ್ತದೆ. ಎಂಆರ್‌ಐ ಸ್ಕ್ಯಾನಿಂಗ್ ಇದ್ದರೆ ಲೋಹದ ತಾಯತ ಇದೆಯೆಂದು ಮೊದಲೇ ಸಿಬ್ಬಂದಿಗೆ ಹೇಳಿ ತೆಗೆಸಿ.

ಕೈಯ ವಿಷಯ. ವಾರ್ಡಿನ ಬಾಗಿಲಲ್ಲಿ ಸ್ಯಾನಿಟೈಸರ್ ಇರುತ್ತದೆ, ನಾವು ಎರಡು ಹನಿ ಹಾಕಿಕೊಂಡು ಅಂಗೈಯನ್ನಷ್ಟೇ ಉಜ್ಜಿ ಒಳಗೆ ನಡೆಯುತ್ತೇವೆ. ಅಂಗೈ ತುಂಬುವಷ್ಟು ಹಾಕಿಕೊಳ್ಳಬೇಕು. ಅಂಗೈ, ಮುಂಗೈ, ಬೆರಳುಗಳ ಸಂದಿ, ಹೆಬ್ಬೆರಳಿನ ಸುತ್ತ, ಕೊನೆಗೆ ಉಗುರಿನ ತುದಿ, ಹೀಗೆ 20ರಿಂದ 30 ಸೆಕೆಂಡು ಉಜ್ಜಿ ತಾನಾಗಿ ಒಣಗಲು ಬಿಡಬೇಕು. ಸೋಪಿನಲ್ಲಾದರೆ ಒಟ್ಟು 40ರಿಂದ 60 ಸೆಕೆಂಡು. ಹೆಚ್ಚಿನವರು ಬಿಡುವುದು ಹೆಬ್ಬೆರಳು ಮತ್ತು ಉಗುರಿನ ತುದಿಯನ್ನೇ. ಭೇದಿಯ ರೋಗಿಯನ್ನು ನೋಡಿ ಬಂದಾಗ ಸ್ಯಾನಿಟೈಸರ್ ಸಾಲದು. ಭೇದಿ ತರುವ ಕೆಲವು ರೋಗಾಣುಗಳು ಸ್ಪಿರಿಟ್‌ಗೆ ಬಗ್ಗುವುದಿಲ್ಲ, ಸೋಪು ನೀರೇ ಬೇಕು. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಇನ್ನೊಮ್ಮೆ. ಕೈ ತೊಳೆದ ಮೇಲೆ ಮೊಬೈಲ್ ಮುಟ್ಟಿದರೆ ತೊಳೆದದ್ದು ವ್ಯರ್ಥ, ಅದು ಜೇಬಿನಲ್ಲೇ ಇರಲಿ. ನಿಮಗೇ ಜ್ವರ, ನೆಗಡಿ, ಕೆಮ್ಮು ಇದ್ದರೆ ಹೋಗಬೇಡಿ. ವಾಂತಿ ಭೇದಿ ಆಗಿದ್ದರೆ ಅದು ನಿಂತು 48 ಗಂಟೆ ಕಳೆಯಲಿ. ಆ ದಿನ ಫೋನಿನಲ್ಲಿ ಮಾತನಾಡಿದರೂ ಬಾಂಧವ್ಯಕ್ಕೆ ಏನೂ ಕಡಿಮೆಯಾಗದು.

ಬಾಣಂತಿ ವಾರ್ಡಿನಲ್ಲಿ ಇದು ಇನ್ನೂ ಹೆಚ್ಚು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಕಡ್ಡಾಯ ಮಾಡಿದ ಕೆಲವೇ ತಿಂಗಳಲ್ಲಿ ಬಾಣಂತಿಯರ ಸಾವು ತೀರಾ ಇಳಿದುಹೋಯಿತು. ಆಗ ರೋಗಾಣುಗಳ ವಿಷಯ ಗೊತ್ತೇ ಇರಲಿಲ್ಲ. ಗೊತ್ತಿರುವ ನಾವು ಬಸ್ಸಿನ ಕಂಬಿ ಹಿಡಿದ ಕೈಯಲ್ಲೇ ಮಗುವನ್ನು ಎತ್ತಿಕೊಳ್ಳುತ್ತೇವೆ. ಹಸುಗೂಸಿನ ಮುಖಕ್ಕೆ, ಕೈಗೆ ಮುತ್ತು ಕೊಡಬೇಡಿ. ದೊಡ್ಡವರ ತುಟಿಯ ಅಂಚಿನ ಸಣ್ಣ ನೀರ್ಗುಳ್ಳೆಯಲ್ಲಿರುವ ವೈರಸ್ ನವಜಾತ ಶಿಶುವಿನ ಮೆದುಳಿಗೂ ಹಬ್ಬಬಲ್ಲದು. ಬಾಯಿಗೆ ಜೇನು, ಸಕ್ಕರೆ ನೀರು ಸವರುವುದೂ ಬೇಡ, ಕಣ್ಣಿಗೆ ಕಾಡಿಗೆಯೂ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನಿನಿಂದ ಬಾಟುಲಿಸಂ ಎಂಬ ವಿಷಬಾಧೆಯ ಅಪಾಯವಿದೆ. ತಾಯಿಯ ಮೊದಲ ಹಳದಿ ಹಾಲೇ ಮಗುವಿಗೆ ಸಾಕು. ಹಾಲು ಕುಡಿಸುವ ಹೊತ್ತಾದರೆ ಹೇಳಿಸಿಕೊಳ್ಳುವ ಮೊದಲೇ ಎದ್ದು ಹೊರಗೆ ಬನ್ನಿ. ನೆಂಟರ ಮುಂದೆ ಸಂಕೋಚಪಟ್ಟು ಬಾಣಂತಿ ಕುಡಿಸುವುದನ್ನು ಮುಂದೂಡುತ್ತಾಳೆ, ಮಗು ಹಸಿದಿರುತ್ತದೆ.

ಕೀಮೋಥೆರಪಿ ಆದವರಿಗೆ ಸುಮಾರು 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆ ದಿನಗಳಲ್ಲಿ ಮಲ್ಲಿಗೆ ಹೂವು, ಹೂಗುಚ್ಛ, ಹೊರಗೆ ಹೆಚ್ಚಿಟ್ಟ ಹಣ್ಣು ಬೇಡ. ಹೂವಿಟ್ಟ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್ ಬಂದಿದ್ದರೆ ಅತ್ತ ಸುಳಿಯಲೇಬೇಡಿ, ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಅದು ಹರಡಲು ಶುರುವಾಗಿರುತ್ತದೆ. ಕ್ಷಯದ ವಾರ್ಡಿಗೆ ಬಟ್ಟೆಯ ಮಾಸ್ಕ್ ಸಾಲದು, ಎನ್-95 ಬೇಕು. ಕಿಟಕಿ ಮುಚ್ಚಬೇಡಿ.

ಮಂಚದ ಮೇಲೆ ಕೂರುವ ಅಭ್ಯಾಸ ನಮ್ಮಲ್ಲಿ ಬಹಳ. ಹೊಟ್ಟೆಗೆ ಹೊಲಿಗೆ ಬಿದ್ದವರಿಗೆ ಹಾಸಿಗೆ ಒಂದಿಷ್ಟು ತಗ್ಗಿದರೂ ನೋವು, ಹೊದಿಕೆಯಡಿ ಯಾವ ಟ್ಯೂಬ್ ಎಲ್ಲಿದೆಯೋ ಗೊತ್ತಿರುವುದಿಲ್ಲ. ಸ್ಟೂಲಿನಲ್ಲಿ ಕೂತುಕೊಳ್ಳಿ, ಇಲ್ಲದಿದ್ದರೆ ನಿಂತೇ ಮಾತಾಡಿ. ಯೂರಿನ್ ಬ್ಯಾಗನ್ನು ದಾರಿಗೆ ಅಡ್ಡ ಎಂದು ಎತ್ತಿ ಹಾಸಿಗೆಯ ಮೇಲೆ ಇಡಬಾರದು. ಅದು ಮೂತ್ರಕೋಶಕ್ಕಿಂತ ಕೆಳಗೇ ಇರಬೇಕು, ಮೇಲೆ ಬಂದರೆ ಮೂತ್ರ ಹಿಂದಕ್ಕೆ ಹರಿದು ಸೋಂಕು ಆಗುತ್ತದೆ. ನೆಲಕ್ಕೂ ತಾಗಬಾರದು. ಡ್ರಿಪ್ಸ್ ನಿಧಾನವಾಗಿ ಬೀಳುತ್ತಿದೆ ಎಂದು ಚಕ್ರ ತಿರುಗಿಸುವವರನ್ನು ಎಲ್ಲ ವಾರ್ಡಿನಲ್ಲೂ ಕಾಣಬಹುದು. ಕೆಲವು ಔಷಧಿ ನಿಧಾನವಾಗಿಯೇ ಹೋಗಬೇಕು. ಆಕ್ಸಿಜನ್ ಹೆಚ್ಚಿಸುವುದೂ ಹಾಗೆಯೇ. ಬೀಡಿ ಸಿಗರೇಟಿನಿಂದ ಶ್ವಾಸಕೋಶ ಹಾಳಾದವರಿಗೆ ಡಾಕ್ಟರು ರಕ್ತದಲ್ಲಿ ಆಕ್ಸಿಜನ್ ಶೇಕಡಾ 88ರಿಂದ 92ರ ಮಟ್ಟದಲ್ಲಿದ್ದರೆ ಸಾಕೆಂದು ಬೇಕಂತಲೇ ಇಟ್ಟಿರಬಹುದು. ಪರದೆಯಲ್ಲಿ 90 ಕಂಡು ಹೆದರಿ ಗುಬುಟು ತಿರುಗಿಸಿದರೆ ಇಂಗಾಲದ ಡೈಆಕ್ಸೈಡ್ ಏರಿ ರೋಗಿ ಮಂಪರಿಗೆ ಜಾರುತ್ತಾರೆ. ಅನುಮಾನ ಬಂದರೆ ಸಿಸ್ಟರನ್ನು ಕರೆಯಿರಿ. ಡಯಾಲಿಸಿಸ್‌ನವರ ಮುಂಗೈಯಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲೆಂದು ಎರಡು ರಕ್ತನಾಳಗಳನ್ನು ಸೇರಿಸಿದ ಜೋಡಣೆ ಮಾಡಿರುತ್ತಾರೆ, ಅದನ್ನು ಒತ್ತಬಾರದು. ಪ್ರೀತಿಯಿಂದ ಹಿಡಿದು ಅದುಮುವುದಾದರೆ ಇನ್ನೊಂದು ಕೈಯನ್ನು ಹಿಡಿಯಿರಿ.

ವಯಸ್ಸಾದವರು ಐಸಿಯುನಲ್ಲಿ ಎರಡು ದಿನ ಇದ್ದರೆ ಹಗಲು ರಾತ್ರಿಯ ಪರಿವೆ ತಪ್ಪಿ ಗಲಿಬಿಲಿಗೊಳ್ಳುವುದು ಸಾಮಾನ್ಯ. ಮಕ್ಕಳನ್ನೇ ಗುರುತಿಸದಿರಬಹುದು, ಟ್ಯೂಬ್ ಕಿತ್ತುಕೊಳ್ಳಬಹುದು. ಆಗ “ನಾನ್ಯಾರು ಹೇಳಿ ನೋಡೋಣ?” ಎಂದು ಪರೀಕ್ಷೆ ಮಾಡುವುದು ಕ್ರೂರ. ನೀವೇ ಹೇಳಿ: “ದೊಡ್ಡಪ್ಪ, ನಾನು ನಿಮ್ಮ ತಮ್ಮನ ಮಗಳು ಸುಮಾ. ಇವತ್ತು ಗುರುವಾರ, ಸಾಯಂಕಾಲ ಐದು ಗಂಟೆ. ಆಸ್ಪತ್ರೆಯಲ್ಲಿ ಇದ್ದೀರಿ, ದೊಡ್ಡಮ್ಮ ಹೊರಗೇ ಇದ್ದಾರೆ.” ಅವರ ಕನ್ನಡಕ, ಕಿವಿಯ ಯಂತ್ರ ಮನೆಯಲ್ಲೇ ಉಳಿದಿದ್ದರೆ ತಂದುಕೊಡಿ, ಗಲಿಬಿಲಿ ಕಡಿಮೆಯಾಗಲು ಅದೂ ನೆರವಾಗುತ್ತದೆ. ವೆಂಟಿಲೇಟರ್‌ನಲ್ಲಿರುವವರಿಗೆ ಏನೂ ಕೇಳಿಸದು ಎಂದುಕೊಂಡು ತಲೆದೆಸೆಯಲ್ಲಿ ಖರ್ಚು, ಆಸ್ತಿ, ಬದುಕುಳಿಯುವ ಮಾತು ಆಡಬೇಡಿ. ಮಂಪರಿನಲ್ಲೂ ಕಿವಿಗೆ ಬಿದ್ದದ್ದು ನೆನಪಿನಲ್ಲಿ ಉಳಿಯಬಹುದು.

ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಒಂದು ಸಲಕ್ಕೆ ಇಬ್ಬರು. ರೋಗಿ ಕಣ್ಣು ಮುಚ್ಚಿದರೆ, ಉತ್ತರ ಚುಟುಕಾದರೆ ಏಳುವ ಹೊತ್ತಾಯಿತು. “ಎಷ್ಟು ಸೊರಗಿಬಿಟ್ಟಿದ್ದೀರಿ”, “ನಮ್ಮ ಭಾವನಿಗೂ ಹೀಗೇ ಆಗಿ ಹೋಗಿಬಿಟ್ಟರು”, “ಆ ಡಾಕ್ಟ್ರು ಸರಿಯಿಲ್ಲ, ಇನ್ನೊಂದು ಕಡೆ ತೋರಿಸಿ”, ಈ ಮೂರು ಮಾತೂ ಬೇಡ. ಕಾಯಿಲೆಯ ಹೆಸರನ್ನು ರೋಗಿಗೆ ಇನ್ನೂ ತಿಳಿಸಿರದ ಮನೆಗಳು ನಮ್ಮಲ್ಲಿ ಹಲವು. ನೀವಾಗಿ ಆ ಹೆಸರು ಎತ್ತಬೇಡಿ. ಹಾಸಿಗೆಯಲ್ಲಿರುವವರ ಫೋಟೋ ತೆಗೆದು ಕುಟುಂಬದ ಗುಂಪಿಗೆ ಹಾಕುವುದು ಅವರ ಒಪ್ಪಿಗೆಯಿಲ್ಲದೆ ಸಲ್ಲದು.

ಈಗ ಜೊತೆಗಿರುವವರ ಮಾತು. ಕಿದ್ವಾಯಿ, ಜಯದೇವ, ನಿಮ್ಹಾನ್ಸ್‌ಗೆ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯಿಂದ ಬಂದ ಎಷ್ಟೋ ಮಂದಿಗೆ ಬೆಂಗಳೂರಿನಲ್ಲಿ ಯಾರೂ ಇರುವುದಿಲ್ಲ. ಹೆಂಡತಿಯೋ ಮಗನೋ ನೆಲದ ಮೇಲೆ ಚಾಪೆ ಹಾಸಿಕೊಂಡು ರಾತ್ರಿ ಕಳೆಯುತ್ತಾರೆ, ಔಷಧಿ ಅಂಗಡಿಗೆ, ಲ್ಯಾಬಿಗೆ, ಬಿಲ್ಲಿನ ಕೌಂಟರಿಗೆ ಓಡುವುದೂ ಅವರೇ. ನೀವು ಮಂಚದ ಪಕ್ಕ ಎರಡು ಗಂಟೆ ಕೂತರೆ ಅವರು ಸ್ನಾನ ಮಾಡಿ, ಬಿಸಿ ಊಟ ಮಾಡಿ, ಒಂದು ನಿದ್ದೆ ತೆಗೆದು ಬರುತ್ತಾರೆ. ಅವರಿಗೆ ಚಪಾತಿ ಪಲ್ಯವೋ ರೊಟ್ಟಿ ಬುತ್ತಿಯೋ ಕಟ್ಟಿಕೊಂಡು ಹೋಗಿ. ಉದ್ದ ವಯರಿನ ಚಾರ್ಜರ್, ಪ್ಲಾಸ್ಕ್, ತೆಳು ಹೊದಿಕೆ, ಚಿಲ್ಲರೆ ಹಣ, ಬಿಪಿಎಲ್ ಕಾರ್ಡು ಮತ್ತು ಆಧಾರ್‌ನ ನಾಲ್ಕಾರು ಜೆರಾಕ್ಸ್ ಪ್ರತಿ ಇದ್ದರೆ ಆ ದಿನ ಅವರ ಅರ್ಧ ಓಡಾಟ ತಪ್ಪುತ್ತದೆ. ಅವರು ಬಟ್ಟೆ ಒಗೆದು ತರಲು ಕೊಟ್ಟರೆ ಸಂಕೋಚವಿಲ್ಲದೆ ಇಸಿದುಕೊಳ್ಳಿ.

ರಕ್ತ ಬೇಕೆಂದು ಹೇಳಿದ್ದರೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ನಾಲ್ಕು ಗಂಟೆಯೊಳಗೆ ಊಟವಾಗಿರಲಿ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಬೇಕು. ಹಿಂದಿನ ಸಲ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆದಿರಬೇಕು. ಕೊಟ್ಟ ಮೇಲೆ ಹತ್ತು ಹದಿನೈದು ನಿಮಿಷ ಅಲ್ಲೇ ಕೂತು ಏನಾದರೂ ಕುಡಿದು ಏಳಿ. ಬ್ಲಡ್ ಬ್ಯಾಂಕಿನವರು ಕೊಡುವ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಊರಿಗೆ ಹೋಗಿಬಿಡಬೇಡಿ, ಜೊತೆಗಿರುವವರ ಕೈಗೆ ಕೊಡಿ. ಬದಲಿ ರಕ್ತದ ಲೆಕ್ಕ ಕೇಳಿದಾಗ ಕೌಂಟರಿನಲ್ಲಿ ತೋರಿಸಲು ಅವರಿಗೆ ಅದು ಬೇಕಾಗುತ್ತದೆ.